ಹೋಗುವಾಗ ಸರಿ, ಬರುವಾಗ ಸುಸ್ತು: ಹಳೇ ಮ್ಯಾಕ್ ಬಿ-61 ಲಾರಿ ಏರಿನಲ್ಲಿ ಎಳೆಯದಿದ್ದರೆ ಎಲ್ಲಿಂದ ಹುಡುಕಬೇಕು

“ಏರು ಬಂದರೆ ಗಾಡಿ ಸಾಯುತ್ತದೆ. ಆದರೆ ಮನೆಗೆ ವಾಪಸ್ ಬರುವಾಗ ಮಾತ್ರ.”

ಯಜಮಾನರು ಹೇಳಿದ ದೂರು ಇಷ್ಟೇ. ಅವರು ಪೆನ್ಸಿಲ್ವೇನಿಯಾದ ರೈತರು, ವಯಸ್ಸು ಎಂಬತ್ತರ ಹತ್ತಿರ. ಗಾಡಿ ಅಮೆರಿಕದ ಮ್ಯಾಕ್ ಕಂಪನಿಯ 1960ರ ಬಿ-61 ಲಾರಿ. ಅದರ ಹಿಂದೆ ಟ್ರೇಲರ್ ಕಟ್ಟಿ, ಮೇಲೊಂದು ಹಳೇ ಟ್ರಾಕ್ಟರ್ ಏರಿಸಿಕೊಂಡು, ಬೇಸಿಗೆಯಲ್ಲಿ ಹಳೇ ಗಾಡಿಗಳ ಮೇಳಗಳಿಗೆ ಹೋಗಿಬರುತ್ತಾರೆ. ನಡುವೆ ಒಂದು ಗುಡ್ಡದ ಸಾಲು ಇದೆ. ಹೋಗುವಾಗಲೂ ಒಂದು ಏರು, ಬರುವಾಗಲೂ ಒಂದು ಏರು. ಎರಡೂ ಹೆಚ್ಚುಕಮ್ಮಿ ಒಂದೇ ಥರ. ಹೋಗುವಾಗ ಗಾಡಿ ತಕರಾರಿಲ್ಲದೆ ಹತ್ತುತ್ತದೆ. ಬರುವಾಗ ಅರ್ಧ ಏರಿನಲ್ಲಿ ದಮ್ಮು ಕಟ್ಟಿದ ಹಾಗೆ ಆಗುತ್ತದೆ.

ನಾನು ಹೋಗುವಷ್ಟರಲ್ಲಿ ಅವರು ಒಂದು ವರ್ಕ್‌ಶಾಪಿಗೆ ತೋರಿಸಿಯಾಗಿತ್ತು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಆರು ನಾಜಲ್ ಹೊಸದು ಬಂದಿತ್ತು. ಆ ನಾಜಲ್ಲುಗಳಿಗೆ ಡೀಸೆಲ್ ಒತ್ತುವ ಪಂಪ್ ಇಳಿಸಿ ಕ್ಯಾಲಿಬ್ರೇಷನ್‌ಗೆ ಕಳಿಸಿ ತಂದಿದ್ದರು. ದುಡ್ಡು ಹೋಯಿತು, ದೋಷ ಉಳಿಯಿತು. ವರ್ಕ್‌ಶಾಪಿನ ಹೆಸರು ಬೇಡ. ಅವರು ಮಾಡಿದ ಕೆಲಸ ಚೆನ್ನಾಗಿಯೇ ಇತ್ತು. ಬರುವಾಗ ಮಾತ್ರ ಯಾಕೆ ಅನ್ನೋದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಇಂಥದೇ ದೂರು ನಿಮ್ಮ ಗಾಡಿಗೂ ಇದ್ದರೆ ಪಂಪಿಗೆ ಪಾನಾ ಹಾಕುವ ಮೊದಲು ಇದನ್ನು ಓದಿಕೊಳ್ಳಿ. ನಾನು ಪರೀಕ್ಷೆ ಮಾಡಿದ ಕ್ರಮದಲ್ಲೇ ಬರೆದಿದ್ದೇನೆ, ತಪ್ಪಿದ ಜಾಗವನ್ನೂ ಬಿಟ್ಟಿಲ್ಲ.

ಇದು ದೋಷವೋ, ಗಾಡಿಯ ಗುಣವೋ?

ಹಳೇ ಲಾರಿ ತಂದ ಹೊಸಬರಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಈಗಿನ ಹೆದ್ದಾರಿ ಲಾರಿಗಳಲ್ಲಿ 400, 500 ಅಶ್ವಶಕ್ತಿ ಇರುತ್ತದೆ. ಬಿ-61ರಲ್ಲಿ ಬಂದ ಇಎನ್‌ಡಿ-673 ಎಂಜಿನ್ನಿಗೆ ಇದ್ದದ್ದು 170, ಅದೂ 2,100 ಆರ್‌ಪಿಎಂನಲ್ಲಿ. 673 ಅಂದರೆ ಘನ ಇಂಚಿನ ಲೆಕ್ಕ, ಸುಮಾರು 11 ಲೀಟರ್. ಅಷ್ಟು ದೊಡ್ಡ ಎಂಜಿನ್ನು, ಇಷ್ಟೇ ಶಕ್ತಿ. ಹಾಗಾಗಿ ಏರಿನಲ್ಲಿ ನಿಧಾನ ಹೋದರೆ ಅದು ರೋಗ ಅಂತ ಹೇಳಲು ಆಗುವುದಿಲ್ಲ.

ಎಷ್ಟು ನಿಧಾನ ಹೋದರೆ ಸರಿ? ಲೆಕ್ಕ ಹಾಕಿ. ಯಜಮಾನರ ಗಾಡಿ, ಟ್ರೇಲರ್, ಮೇಲಿನ ಟ್ರಾಕ್ಟರ್ ಎಲ್ಲ ಸೇರಿ 18 ಟನ್. ಏರು 100 ಅಡಿಗೆ 6 ಅಡಿ. ಈ ಭಾರವನ್ನು ಆ ಏರಿನಲ್ಲಿ ತಳ್ಳಲು ಸುಮಾರು 10.6 ಕಿಲೋನ್ಯೂಟನ್ ಬಲ ಬೇಕು. ಟೈರು ಉರುಳುವುದಕ್ಕೆ ಇನ್ನು 1.4 ಸೇರಿಸಿ, 12 ಅನ್ನಿ. 170 ಅಶ್ವಶಕ್ತಿ ಅಂದರೆ 127 ಕಿಲೋವ್ಯಾಟ್. ಗೇರ್‌ಬಾಕ್ಸು, ಆಕ್ಸಲ್ಲು ತಿಂದು ಉಳಿದದ್ದು ಚಕ್ರಕ್ಕೆ ಸುಮಾರು 108. ಅದನ್ನು 12ರಿಂದ ಭಾಗಿಸಿದರೆ ಸೆಕೆಂಡಿಗೆ 9 ಮೀಟರ್. ಗಂಟೆಗೆ 32 ಕಿಲೋಮೀಟರ್.

ಹೋಗುವಾಗ ಅವರ ಗಾಡಿ ಗಂಟೆಗೆ 30ರ ಆಸುಪಾಸಿನಲ್ಲಿ ಹತ್ತುತ್ತಿತ್ತು. ಅಂದರೆ ಎಂಜಿನ್ ಪೂರ್ತಿ ಆರೋಗ್ಯವಾಗಿದೆ. ಬರುವಾಗ 15ಕ್ಕೆ ಇಳಿದು, ಕೊನೆಗೆ ಜಗ್ಗಾಡುತ್ತಿತ್ತು. ಒಂದೇ ಎಂಜಿನ್ನು ಬೆಳಿಗ್ಗೆ 170 ಕೊಟ್ಟು ಸಂಜೆ ಅರ್ಧ ಕೊಡುತ್ತದೆ ಅಂದರೆ ಸವೆದ ಪಿಸ್ಟನ್ನಿನ ಮೇಲೋ ಸೋರುವ ವಾಲ್ವಿನ ಮೇಲೋ ಅನುಮಾನ ಪಡುವ ಹಾಗಿಲ್ಲ. ಸವೆದದ್ದು ಬೆಳಿಗ್ಗೆ ಹೊತ್ತು ವಾಸಿಯಾಗಿರುವುದಿಲ್ಲ, ಅಲ್ವಾ? ಒಂದು ಪಾನಾ ಮುಟ್ಟದೆ ಅರ್ಧ ಪಟ್ಟಿ ಹೊಡೆದು ಹಾಕಿದ ಹಾಗಾಯಿತು.

ನಿಮ್ಮ ಮುಂದೆ ನಿಂತಿರುವುದು ಯಾವ ಗಾಡಿ?

ಈ ಲೆಕ್ಕಕ್ಕೆ ಅರ್ಥ ಬರುವುದು ಬಾನೆಟ್ಟಿನ ಕೆಳಗೆ ನಿಜಕ್ಕೂ 170ರ ಎಂಜಿನ್ ಇದ್ದರೆ ಮಾತ್ರ. ಅದಕ್ಕೆ ಗಾಡಿಯ ಕುಲಗೋತ್ರ ಸ್ವಲ್ಪ ಗೊತ್ತಿರಬೇಕು.

ಮ್ಯಾಕ್ ಕಥೆ ಶುರುವಾಗುವುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಜ್ಯಾಕ್ ಮತ್ತು ಗಸ್ ಮ್ಯಾಕ್ ಎಂಬ ಅಣ್ಣತಮ್ಮಂದಿರು 1893ರಲ್ಲಿ ಒಂದು ಕುದುರೆಗಾಡಿ ಮಾಡುವ ಕಂಪನಿ ಕೊಂಡರು. 1900ರಲ್ಲಿ ಅಲ್ಲಿಂದ ಅವರ ಮೊದಲ ಮೋಟಾರ್ ಬಸ್ಸು ಹೊರಬಂತು. 1905ರಲ್ಲಿ ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ಗೆ ಬಂದು ನೆಲೆಸಿದರು. ಗಾಡಿ ಮಾಡಿಯೇ ಹೆಸರಾದ ಜ್ಯಾಕ್ ಮ್ಯಾಕ್ 1924ರಲ್ಲಿ ಸತ್ತದ್ದು ತನ್ನ ಕಾರಿಗೆ ಟ್ರಾಮ್ ಗಾಡಿ ಬಡಿದು.

ಹೆಸರು ತಂದುಕೊಟ್ಟದ್ದು 1916ರ ಎಸಿ ಮಾದರಿ. ರೇಡಿಯೇಟರ್ ಎಂಜಿನ್ನಿನ ಹಿಂದೆ, ಮೂತಿ ಮೊಂಡು, ಹಿಂದಿನ ಚಕ್ರಕ್ಕೆ ಸರಪಳಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅದನ್ನು ಕೆಸರಿನಲ್ಲಿ ಓಡಿಸಿ ಬುಲ್‌ಡಾಗ್ ಅಂತ ಕರೆದರು. ಆ ಹೆಸರು ಅಂಟಿಕೊಂಡಿತು. ಬಾನೆಟ್ ಮೇಲಿನ ನಾಯಿ ಬಂದದ್ದು ಮಾತ್ರ ತುಂಬಾ ತಡವಾಗಿ. 1932ರಲ್ಲಿ ಕಂಪನಿಯ ಮುಖ್ಯ ಎಂಜಿನಿಯರ್ ಆಲ್ಫ್ರೆಡ್ ಮೇಸರಿ ಆಸ್ಪತ್ರೆಯಲ್ಲಿ ಸುಮ್ನೆ ಮಲಗಿರಲಾರದೆ ಒಂದು ನಾಯಿ ಕೆತ್ತಿದರು. ಅದೇ ಇವತ್ತಿನವರೆಗೂ ಮ್ಯಾಕ್ ಲಾರಿಗಳ ಮೂತಿಯ ಮೇಲೆ ಕೂತಿದೆ. ಮರುವರ್ಷವೇ ಏಪ್ರಿಲ್‌ನಲ್ಲಿ ಅಮೆರಿಕದ ನೌಕಾಪಡೆಯ ‘ಆಕ್ರನ್’ ವಾಯುನೌಕೆ ಸಮುದ್ರಕ್ಕೆ ಬಿದ್ದಾಗ ಸತ್ತವರಲ್ಲಿ ಮೇಸರಿಯೂ ಒಬ್ಬರು.

ಆ ನಾಯಿಯ ಬಣ್ಣಕ್ಕೂ ಒಂದು ಅರ್ಥ ಇದೆ. ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು ಎಲ್ಲವೂ ಮ್ಯಾಕ್‌ನದೇ ಆದರೆ ಬಂಗಾರದ ಬಣ್ಣ. ಬೇರೆ ಕಂಪನಿಯ ಭಾಗ ಸೇರಿದ್ದರೆ ಬೆಳ್ಳಿ ಬಣ್ಣ. ಆದರೆ ಹಳೇ ಗಾಡಿಯಲ್ಲಿ ನಾಯಿಯನ್ನು ನಂಬಬೇಡಿ. ಅದನ್ನು ಬಿಚ್ಚಿ ಬೇರೆಯದು ಹಾಕಲು ಹತ್ತು ನಿಮಿಷ ಸಾಕು, ಬಂಗಾರದ ನಾಯಿ ಅಂಗಡಿಯಲ್ಲಿ ಸಿಗುತ್ತದೆ. ಎಂಜಿನ್ ಬ್ಲಾಕಿನ ನಂಬರ್ ಓದಿ.

ಬಿ ಸರಣಿ ಬಂದದ್ದು 1953ರಲ್ಲಿ, ನಿಂತದ್ದು 1966ರಲ್ಲಿ. ಒಟ್ಟು 1,27,786 ಗಾಡಿಗಳು. ದುಂಡು ಮಡ್‌ಗಾರ್ಡು, ದುಂಡು ಕ್ಯಾಬಿನ್ನು. ನನ್ನ ಕಣ್ಣಿಗೆ ಅಮೆರಿಕದಲ್ಲಿ ಅದಕ್ಕಿಂತ ಚೆಂದದ ಲಾರಿ ಆಮೇಲೆ ಬಂದಿಲ್ಲ. ಅದೇ 1953ರಲ್ಲಿ ಥರ್ಮೋಡೈನ್ ಎಂಬ ಹೆಸರಿನಲ್ಲಿ ಈ 673 ಡೀಸೆಲ್ ಬಂತು. ಮ್ಯಾಕ್ 1938ರಲ್ಲೇ ಸ್ವಂತ ಡೀಸೆಲ್ ಎಂಜಿನ್ ಶುರು ಮಾಡಿತ್ತು. ಆದರೆ ಅದು ಲ್ಯಾನೋವಾ ಪದ್ಧತಿಯದು, ಪಕ್ಕದಲ್ಲೊಂದು ಪುಟ್ಟ ಕೋಣೆ ಇರುವಂಥದ್ದು. ಥರ್ಮೋಡೈನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಬಟ್ಟಲಿಗೆ ಚಿಮ್ಮುತ್ತದೆ.

ಹೆಸರಿನಲ್ಲಿ ಕೊನೆಗೆ ‘ಟಿ’ ಸೇರಿ ಇಎನ್‌ಡಿಟಿ-673 ಆಗಿದ್ದರೆ ಟರ್ಬೊ ಇದೆ ಅಂತ ಅರ್ಥ. ಅದಕ್ಕೆ 205 ಅಶ್ವಶಕ್ತಿ. ಇನ್ನೊಂದು ಸಾಧ್ಯತೆಯೂ ಇದೆ. 1960ರ ದಶಕದ ಕೊನೆಗೆ ಮ್ಯಾಕ್ 237 ಅಶ್ವಶಕ್ತಿಯ ಮ್ಯಾಕ್ಸಿಡೈನ್ ತಂದಿತು. 1,200ರಿಂದ 2,100 ಆರ್‌ಪಿಎಂವರೆಗೆ ಶಕ್ತಿ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇರುವ ಎಂಜಿನ್ ಅದು, ಐದೇ ಗೇರಿನಲ್ಲಿ ಕೆಲಸ ಮುಗಿಯುತ್ತಿತ್ತು. ಹಳೇ ಬಿ-61ಗಳಿಗೆ ಆಮೇಲೆ ಬೇರೆ ಎಂಜಿನ್ ಕೂರಿಸಿಕೊಂಡವರು ಉಂಟು. ಮ್ಯಾಕ್ಸಿಡೈನ್ ಕೂತಿದ್ದರೆ ಮೇಲಿನ ಲೆಕ್ಕದಲ್ಲಿ 170ರ ಜಾಗಕ್ಕೆ 237 ಹಾಕಿ. ಆಗ 32 ಹತ್ತುವ ಗಾಡಿಯೂ ರೋಗಿಯೇ.

ಯಜಮಾನರ ಗಾಡಿಯಲ್ಲಿ ಟರ್ಬೊ ಇಲ್ಲದ ಮೂಲ 673 ಇತ್ತು. ಎರಡು ಕೋಲಿನ ಡ್ಯುಪ್ಲೆಕ್ಸ್ ಗೇರ್‌ಬಾಕ್ಸು. ಒಂದು ಕೋಲಿಗೆ ಐದು ಗೇರು, ಇನ್ನೊಂದಕ್ಕೆ ಎರಡು, ಒಟ್ಟು ಹತ್ತು. ಟ್ರಿಪ್ಲೆಕ್ಸ್‌ನಲ್ಲಿ 15, ಕ್ವಾಡ್ರುಪ್ಲೆಕ್ಸ್‌ನಲ್ಲಿ 20. ಸ್ಟೀರಿಂಗ್ ಚಕ್ರದ ಕಡ್ಡಿಗಳ ನಡುವೆ ಕೈ ತೂರಿಸಿ ಎರಡೂ ಕೋಲು ಒಟ್ಟಿಗೆ ಎಳೆಯುವ ಹಳಬರನ್ನು ನೋಡಿದ್ದೇನೆ. ನೀವು ಮಾತ್ರ ಹಾಗೆ ಮಾಡಲು ಹೋಗಬೇಡಿ, ಚಕ್ರ ತಿರುಗಿಕೊಂಡರೆ ಮುಂಗೈ ಮುರಿಯುತ್ತದೆ.

ಗೇರಿನ ವಿಷಯ ಯಾಕೆ ಹೇಳಿದೆ ಅಂದರೆ ಎಷ್ಟೋ ಸಲ ದೋಷ ಇರುವುದು ಸೀಟಿನ ಮೇಲೆ. ಗೇರ್ ಇಳಿಸಲು ಹೆದರಿ 1,100 ಆರ್‌ಪಿಎಂನಲ್ಲಿ ಎಂಜಿನ್ನನ್ನು ನರಳಿಸುತ್ತಾರೆ. ಕರಿ ಹೊಗೆ ಬರುತ್ತದೆ, ಎಳೆತ ಇರುವುದಿಲ್ಲ. ಯಜಮಾನರನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಡಬಲ್ ಕ್ಲಚ್ ಹಾಕಿ, ಅಂದರೆ ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತಿ, ಸದ್ದಿಲ್ಲದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇರ್ ಇಳಿಸುತ್ತಿದ್ದರು. ಆ ಅನುಮಾನವೂ ಹೋಯಿತು.

ಹೊಗೆ ಏನು ಹೇಳುತ್ತದೆ

ಏರಿನಲ್ಲಿ, ಪೆಡಲ್ ಪೂರ್ತಿ ಒತ್ತಿದಾಗ, ಹಿಂದೆ ಇನ್ನೊಂದು ಕಾರಿನಲ್ಲಿ ಯಾರಾದರೂ ಬಂದು ಹೊಗೆ ನೋಡಬೇಕು. ನಿಂತಲ್ಲೇ ಎಂಜಿನ್ ಕಿರುಚಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಎಳೆತ ಇಲ್ಲ, ಹೊಗೆ ಕರಿ ಅಂದರೆ ಡೀಸೆಲ್ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಇಲ್ಲವೇ ಭಾರ ಜಾಸ್ತಿಯಾಗಿದೆ. ಏರ್ ಕ್ಲೀನರ್ ನೋಡಿ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇದ್ದರೆ ಬಟ್ಟಲಿನ ಗುರುತಿಗಿಂತ ಜಾಸ್ತಿ ಎಣ್ಣೆ ಹಾಕಿರುತ್ತಾರೆ, ಅದೇ ಉಸಿರು ಕಟ್ಟಿಸುತ್ತದೆ. ಬ್ರೇಕ್ ಹಿಡಿದುಕೊಂಡಿದ್ದರೂ ಕರಿ ಹೊಗೆಯೇ. ಐದು ಮೈಲಿ ಬ್ರೇಕ್ ಮುಟ್ಟದೆ ಓಡಿಸಿ, ನಿಲ್ಲಿಸಿ, ಡ್ರಮ್ಮಿನ ಹತ್ತಿರ ಕೈ ತಂದು ನೋಡಿ. ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಕಾರಣ ಅಲ್ಲೇ ಇದೆ.

ಬಿಳಿ ಹೊಗೆ ಅಂದರೆ ಡೀಸೆಲ್ ಸುಡದೆ ಹೊರಬರುತ್ತಿದೆ. ಟೈಮಿಂಗ್, ಕಂಪ್ರೆಷನ್, ನಾಜಲ್ ಕಡೆ ಹೋಗಿ. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಅದು ಬೇರೆಯೇ ಅಧ್ಯಾಯ.

ಎಳೆತ ಇಲ್ಲ, ಹೊಗೆಯೂ ಇಲ್ಲ ಅಂದರೆ ಎಂಜಿನ್ ಹಸಿದಿದೆ. ಕೇಳಿದಷ್ಟು ಡೀಸೆಲ್ ಸಿಗುತ್ತಿಲ್ಲ. ಯಜಮಾನರ ಗಾಡಿ ಕಥೆ ಇದೇ. ಬರುವಾಗ ಸೈಲೆನ್ಸರ್ ತುದಿ ಸ್ವಚ್ಛವಾಗಿತ್ತು ಅಂತ ಹಿಂದೆ ಕಾರಿನಲ್ಲಿ ಬರುತ್ತಿದ್ದ ಅವರ ಮೊಮ್ಮಗ ಹೇಳಿದ. ಹೊಗೆ ಇಲ್ಲ ಅಂದರೆ ಒಳ್ಳೇದೇ ಅಂದುಕೊಂಡಿದ್ದ ಪಾಪ.

ಕಾಸು ಖರ್ಚಿಲ್ಲದ ಎರಡು ಪರೀಕ್ಷೆ

ಹಸಿವು ಅಂತ ಗೊತ್ತಾದ ಮೇಲೆ ಮೊದಲು ನೋಡಬೇಕಾದ್ದು ಪೆಡಲ್. ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಪೂರ್ತಿ ಒತ್ತಲಿ, ಇನ್ನೊಬ್ಬರು ಪಂಪಿನ ಲಿವರ್ ಪೂರ್ತಿ ಹೋಗಿ ಸ್ಟಾಪರಿಗೆ ತಾಗಿತೇ ನೋಡಲಿ. ಎಂಜಿನ್ ಆಫ್ ಇರಲಿ, ಚಕ್ರಕ್ಕೆ ಅಡ್ಡ ಮರ ಕೊಟ್ಟಿರಲಿ. ಪೆಡಲ್ ಕೆಳಗೆ ಮಡಚಿಕೊಂಡ ಮ್ಯಾಟು ಎಷ್ಟು ಎಂಜಿನ್ನುಗಳಿಗೆ ಕೆಟ್ಟ ಹೆಸರು ತಂದಿದೆಯೋ ಲೆಕ್ಕವಿಲ್ಲ.

ಎರಡನೆಯದು ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್. ಅದು ತುಕ್ಕು ಹಿಡಿದು ಪೂರ್ತಿ ವಾಪಸ್ ಹೋಗದಿದ್ದರೆ ಪಂಪಿನ ಒಳಗೆ ಡೀಸೆಲ್ ಎಷ್ಟು ಹೋಗಬೇಕು ಅಂತ ನಿಯಂತ್ರಿಸುವ ರ‍್ಯಾಕ್ ಪೂರ್ತಿ ತೆರೆಯುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಚೆನ್ನಾಗಿರುತ್ತದೆ, ಏರಿನಲ್ಲಿ ಮಾತ್ರ ಕೈ ಕೊಡುತ್ತದೆ. ಕೇಬಲ್ಲನ್ನು ಪಂಪಿನ ತುದಿಯಲ್ಲಿ ಕಳಚಿ ಒಮ್ಮೆ ಓಡಿಸಿ ನೋಡಿ. ಎಂಜಿನ್ ನಿಲ್ಲಿಸಲು ಆ ಲಿವರನ್ನು ಕೈಯಲ್ಲೇ ಎಳೆಯಬೇಕಾಗುತ್ತದೆ. ಅದನ್ನು ಮೊದಲೇ ಒಮ್ಮೆ ಮಾಡಿ ನೋಡಿಕೊಂಡಿರಿ.

ನಮ್ಮ ಗಾಡಿಯಲ್ಲಿ ಎರಡೂ ಸರಿ ಇತ್ತು.

ಟ್ಯಾಂಕಿನಿಂದ ಪಂಪಿನವರೆಗೆ

ಇಲ್ಲಿ ನನಗೆ ಊರಿನ ನೆನಪು ಕೆಲಸಕ್ಕೆ ಬಂತು. ಈ ಎಂಜಿನ್ನಿನ ಪಂಪು ಬಾಷ್ ಮಾದರಿಯದು. ಒಂದು ಸಾಲಿನಲ್ಲಿ ಡೀಸೆಲ್ ಒತ್ತುವ ಆರು ಪ್ಲಂಜರ್, ಕೆಳಗೆ ಕ್ಯಾಮು, ಪಕ್ಕದಲ್ಲಿ ಕಚ್ಚಿಕೊಂಡ, ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಪಿಸ್ಟನ್ ಫೀಡ್ ಪಂಪು. ಬೆಂಗಳೂರಿನ ಆಡುಗೋಡಿಯಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ನಮ್ಮ ಟಾಟಾ, ಲೇಲ್ಯಾಂಡ್ ಲಾರಿಗಳಿಗೆ ಮಾಡಿಕೊಟ್ಟದ್ದೂ ಇದೇ ವಂಶದ ಪಂಪು. ಹಾಸನದಲ್ಲಿ ಸೋದರಮಾವನ ಲಾರಿ ಕೆಳಗೆ ಮಲಗಿ, ಏರ್ ಬಿಡಿಸಲು ಫೀಡ್ ಪಂಪಿನ ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಊದಿಸಿಕೊಂಡವನು ನಾನು. ಪೆನ್ಸಿಲ್ವೇನಿಯಾದ ಕೊಟ್ಟಿಗೆಯಲ್ಲಿ ಆ ಪಂಪು ನೋಡಿದಾಗ ನೆಂಟರು ಸಿಕ್ಕ ಹಾಗಾಯಿತು. “ಏರ್ ಎಳೀತಿದೆ ನೋಡೋ” ಅನ್ನುವುದು ಮಾವನ ಮೊದಲ ಅನುಮಾನ, ಯಾವ ದೂರಿಗಾದರೂ.

ಡೀಸೆಲ್ ದಾರಿಯಲ್ಲಿ ಎರಡು ಭಾಗ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆಯುವ ಕಡೆ. ಅಲ್ಲಿಂದ ಮುಂದೆ ಫಿಲ್ಟರ್ ದಾಟಿ ದೊಡ್ಡ ಪಂಪಿನವರೆಗೆ ತಳ್ಳುವ ಕಡೆ. ತಳ್ಳುವ ಕಡೆ ತೂತಾದರೆ ಡೀಸೆಲ್ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ತೂತಾದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹಳೇ ಗಾಡಿಯಲ್ಲಿ ಈ ಎರಡನೆಯದೇ ಜಾಸ್ತಿ. ಅಮೆರಿಕದಲ್ಲಿ 2006ರಿಂದ ಬಂದ ಕಡಿಮೆ ಗಂಧಕದ ಡೀಸೆಲ್‌ನಲ್ಲಿ ಹಳೇ ರಬ್ಬರ್ ಸೀಲುಗಳು ಸ್ವಲ್ಪ ಕುಗ್ಗುತ್ತವೆ. ನಲವತ್ತು ವರ್ಷ ಸುಮ್ಮನಿದ್ದ ಸಂದು ಆಗ ಗಾಳಿ ಎಳೆಯಲು ಶುರು ಮಾಡುತ್ತದೆ.

ತಳ್ಳುವ ಕಡೆಯನ್ನು ಮೊದಲು ಮುಗಿಸಿದೆ, ಅದು ಸುಲಭ. ದೊಡ್ಡ ಪಂಪಿಗೆ ಹೋಗುವ ಜಾಗದಲ್ಲಿ ಪ್ರೆಷರ್ ಗೇಜ್ ಕಟ್ಟಿದೆ. ಈ ಥರದ ಪಂಪುಗಳಲ್ಲಿ 15ರಿಂದ 25 ಪಿಎಸ್‌ಐ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆ ಮಾತು. ಗೇಜಿಗೆ ಉದ್ದದ ಹೋಸ್ ಹಾಕಿ ಗಾಜಿನ ಹೊರಗೆ ಕಾಣುವ ಹಾಗೆ ಕಟ್ಟಿ ಓಡಿಸಿ. ಡೀಸೆಲ್ ಹೋಸನ್ನು ಕ್ಯಾಬಿನ್ ಒಳಗೆ ತರಬೇಡಿ. ಮುಳ್ಳು 18ರಲ್ಲಿ ನಿಂತಿತ್ತು. ಏರಿನಲ್ಲೂ 16ಕ್ಕಿಂತ ಕೆಳಗೆ ಬರಲಿಲ್ಲ.

ಗಾಡಿ ಚೆನ್ನಾಗಿ ಎಳೆಯಿತು. ಅದೇ ತೊಂದರೆ. ನಾನು ಬರುತ್ತೇನೆ ಅಂತ ಯಜಮಾನರು ಹಿಂದಿನ ದಿನವೇ ಟ್ಯಾಂಕ್ ತುಂಬಿಸಿಟ್ಟಿದ್ದರು. ಅದು ಎಷ್ಟು ದೊಡ್ಡ ಸುಳಿವು ಅಂತ ನನಗೆ ಆಗ ಹೊಳೆಯಲಿಲ್ಲ. ಇಡೀ ದಿನ ಆರೋಗ್ಯವಾಗಿದ್ದ ಗಾಡಿಗೆ ವೈದ್ಯ ಮಾಡಿದ್ದಾಯಿತು.

ಅವತ್ತು ಮಾಡಿದ ಉಳಿದ ಪರೀಕ್ಷೆಗಳನ್ನು ಬೇಗ ಹೇಳಿಬಿಡುತ್ತೇನೆ. ಟ್ಯಾಂಕಿನ ಮುಚ್ಚಳದ ಉಸಿರು ತೂತು ಮುಚ್ಚಿದ್ದರೆ ಓಡುತ್ತಾ ಓಡುತ್ತಾ ಒಳಗೆ ನಿರ್ವಾತವಾಗಿ ಡೀಸೆಲ್ ಬರುವುದು ನಿಲ್ಲುತ್ತದೆ. ಇದೂ ‘ಬರುವಾಗ ಮಾತ್ರ’ ಬರುವ ರೋಗವೇ. ಎಳೆತ ಹೋದ ಕೂಡಲೇ ನಿಲ್ಲಿಸಿ ಮುಚ್ಚಳ ಬಿಚ್ಚಿ. ಬುಸ್ ಅಂದರೆ ಸಿಕ್ಕಿತು. ಈ ಊರಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಆ ತೂತು ಬಹಳ ಇಷ್ಟ. ನಮ್ಮದರಲ್ಲಿ ತೂತು ತೆರೆದಿತ್ತು. ಹೋಸುಗಳ ಒಳಪದರ ಕಿತ್ತು ನಾಲಿಗೆ ಥರ ಅಡ್ಡ ಬಂದರೂ ಹೀಗಾಗುತ್ತದೆ, ಹೊರಗಿನಿಂದ ಹೋಸು ಹೊಸದರ ಹಾಗೇ ಕಾಣುತ್ತದೆ. ಅದಕ್ಕೆ ಫೀಡ್ ಪಂಪಿನ ಮುಂದೆ ವ್ಯಾಕ್ಯೂಮ್ ಗೇಜ್ ಹಾಕಿ. ಪಾದರಸದ 4 ಇಂಚಿಗಿಂತ ಜಾಸ್ತಿ ಎಳೆಯುತ್ತಿದ್ದರೆ ದಾರಿಯಲ್ಲಿ ಏನೋ ಕಟ್ಟಿದೆ. ನಮ್ಮದು 2 ತೋರಿಸಿತು. ಕಟ್ಟಿಲ್ಲ.

ಪಾರದರ್ಶಕ ಹೋಸು

ಸಂಜೆ ಕಾಫಿ ಕುಡಿಯುತ್ತಾ ಕೇಳಿದೆ, “ಬರುವಾಗ ಮಾತ್ರ ಅಂದಿರಲ್ಲ, ಎಷ್ಟು ದೂರ ಓಡಿರುತ್ತೆ ಅಷ್ಟೊತ್ತಿಗೆ?”

“ನೂರು ಮೈಲಿ, ನೂರಿಪ್ಪತ್ತು. ಮೇಳ ಎಲ್ಲಿದೆ ಅನ್ನೋದರ ಮೇಲೆ.”

“ಮಕಂಜಿ ಮೇಳಕ್ಕೆ ಹೋದಾಗ?” ಮಕಂಜಿ ಅಲ್ಲೇ ಆಲೆನ್‌ಟೌನ್ ಪಕ್ಕ. ಪ್ರತಿ ಜೂನ್‌ನಲ್ಲಿ ಹಳೇ ಲಾರಿಗಳ ದೊಡ್ಡ ಜಾತ್ರೆ ಅಲ್ಲಿ ಸೇರುತ್ತದೆ. ಮ್ಯಾಕ್ ಲಾರಿಗಳನ್ನು ಈಗ ಜೋಡಿಸುವ ಕಾರ್ಖಾನೆಯೂ 1975ರಿಂದ ಅಲ್ಲೇ ಇದೆ.

ಅವರು ಸ್ವಲ್ಪ ಯೋಚಿಸಿದರು. “ಆವಾಗ ಏನೂ ಆಗಲಿಲ್ಲ. ಆದರೆ ಆ ಸಲ ಅಲ್ಲೇ ಡೀಸೆಲ್ ತುಂಬಿಸಿಕೊಂಡೆ. ಬೆಲೆ ಕಮ್ಮಿ ಇತ್ತು.”

ಕಾಫಿ ಅಲ್ಲೇ ಬಿಟ್ಟು ಎದ್ದೆ.

ಮರುದಿನ ಟ್ಯಾಂಕಿನಿಂದ ಮುಕ್ಕಾಲು ಪಾಲು ಡೀಸೆಲ್ ಡ್ರಮ್ಮಿಗೆ ಇಳಿಸಿದೆವು. ಆಮೇಲೆ ಫೀಡ್ ಪಂಪಿಗೆ ಸೇರುವ ಜಾಗದಲ್ಲಿ ಒಂದು ಅಡಿ ಪಾರದರ್ಶಕ ಹೋಸ್ ಸೇರಿಸಿದೆ. ಡೀಸೆಲ್ ತಡೆಯುವ ಹೋಸೇ ಆಗಬೇಕು, ಅಕ್ವೇರಿಯಂ ಪೈಪು ಎರಡು ದಿನಕ್ಕೆ ಕಲ್ಲಾಗುತ್ತದೆ. ಸೈಲೆನ್ಸರಿಗೆ ತಾಗದ ಹಾಗೆ ಕಟ್ಟಿ. ಪರೀಕ್ಷೆ ಮುಗಿದ ಮೇಲೆ ತೆಗೆದುಬಿಡಿ. ಎಂಜಿನ್ ಸ್ಟಾರ್ಟ್ ಮಾಡಿ 2,000ದಲ್ಲಿ ಹಿಡಿದಾಗ ಗುಳ್ಳೆಗಳು ಸಾಲುಗಟ್ಟಿ ಬಂದವು. ಸೋಡಾ ಬಾಟಲಿ ತೆಗೆದ ಹಾಗೆ.

ಈಗ ಗಾಳಿ ಎಲ್ಲಿಂದ ಸೇರುತ್ತಿದೆ ಅಂತ ಹುಡುಕಬೇಕು. ಇಲ್ಲಿ ಎಲ್ಲ ನಟ್ಟು ಬಿಗಿ ಮಾಡುತ್ತಾ ಹೋಗುವವರು ಉಂಟು. ಹಾಗೆ ಮಾಡಿದರೆ ಹಳೇ ಹಿತ್ತಾಳೆ ನಟ್ಟು ಸೀಳಿ ಹೊಸ ತೂತು ಆಗುತ್ತದೆ. ಅದರ ಬದಲು ಪಾರದರ್ಶಕ ಹೋಸನ್ನೇ ಒಂದೊಂದು ಮೆಟ್ಟಿಲು ಹಿಂದಕ್ಕೆ ಸರಿಸುತ್ತಾ ಹೋಗಿ. ಗುಳ್ಳೆ ಯಾವ ಜಾಗದಲ್ಲಿ ನಿಲ್ಲುತ್ತದೋ, ಅದಕ್ಕೂ ಅದಕ್ಕೆ ಮೊದಲು ನೋಡಿದ ಜಾಗಕ್ಕೂ ನಡುವೆ ತೂತಿದೆ. ಪ್ರೈಮರಿ ಫಿಲ್ಟರಿನ ಮುಂದೆ ಇಟ್ಟೆ. ಗುಳ್ಳೆ ಇತ್ತು. ಫ್ರೇಮಿನ ಮೇಲಿನ ಪೈಪು ಹೋಸಿಗೆ ಸೇರುವ ಸಂದಿನಲ್ಲಿ ಇಟ್ಟೆ. ಇತ್ತು. ಕೊನೆಗೆ ಟ್ಯಾಂಕಿನ ಬಾಯಲ್ಲೇ, ಡೀಸೆಲ್ ಹೊರಗೆ ಬರುವ ಮೊದಲ ನಟ್ಟಿಗೇ ಹೋಸು ಸೇರಿಸಿದೆ. ಅಲ್ಲೂ ಗುಳ್ಳೆ!

ಅದರ ಹಿಂದೆ ಇನ್ನು ಸಂದೇ ಇಲ್ಲ. ಟ್ಯಾಂಕಿನ ಒಳಗೆ ಇಳಿಬಿಟ್ಟಿರುವ ಎಳೆಪೈಪು ಮಾತ್ರ.

ಖಾತ್ರಿ ಮಾಡಿಕೊಳ್ಳಲು ಟ್ಯಾಂಕ್ ಬಿಟ್ಟು ಐದು ಗ್ಯಾಲನ್ ಕ್ಯಾನಿನಿಂದ ನೇರ ಎಳೆಸಿದೆ. ನೆಲಕ್ಕೆ ಸ್ವಲ್ಪ ಮೇಲೆ, ಟ್ಯಾಂಕಿನ ಮಟ್ಟದಲ್ಲೇ ಕ್ಯಾನ್ ಇರಬೇಕು. ಮೇಲೆ ಇಟ್ಟರೆ ಡೀಸೆಲ್ ತಾನಾಗಿ ಇಳಿಯುತ್ತದೆ, ತೂತು ಅಡಗಿಕೊಳ್ಳುತ್ತದೆ. ಒಂದೂ ಗುಳ್ಳೆ ಬರಲಿಲ್ಲ.

ಸಿಕ್ಕಿದ್ದು

ಪೈಪನ್ನು ಮೇಲಿನ ನಟ್ಟಿನಿಂದ ಬಿಚ್ಚಿ ಹೊರಗೆ ಎಳೆದೆವು. ಉಕ್ಕಿನ ತೆಳು ಪೈಪು. ಸರಿಯಾಗಿ ನಡುಮಧ್ಯದಲ್ಲಿ, ಉಗುರಿನಷ್ಟು ಉದ್ದದ ಸೀಳು. ಸುತ್ತಲೂ ತುಕ್ಕು. ಟ್ಯಾಂಕು ತುಂಬಿದ್ದಾಗ ಆ ಸೀಳು ಡೀಸೆಲ್ಲಿನಲ್ಲಿ ಮುಳುಗಿರುತ್ತದೆ. ಅದರಿಂದ ಎಳೆದರೂ ಡೀಸೆಲ್ಲೇ ಬರುತ್ತದೆ, ತೊಂದರೆ ಇಲ್ಲ. ಮಟ್ಟ ಅರ್ಧಕ್ಕೆ ಇಳಿದಾಗ ಸೀಳು ಗಾಳಿಗೆ ತೆರೆದುಕೊಳ್ಳುತ್ತದೆ. ಏರಿನಲ್ಲಿ ಇನ್ನೂ ಬೇಗ. ಒಂದು ಮೀಟರ್ ಉದ್ದದ ಟ್ಯಾಂಕಿನಲ್ಲಿ, 100ಕ್ಕೆ 6ರ ಏರಿಗೆ, ಡೀಸೆಲ್ ಹಿಂದಕ್ಕೆ ಸರಿದು ಮುಂದಿನ ತುದಿಗೂ ಹಿಂದಿನ ತುದಿಗೂ 6 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಇವರ ಎಳೆಪೈಪು ಮುಂದಿನ ತುದಿಯಲ್ಲೇ ಇತ್ತು.

ಸಮತಟ್ಟಿನಲ್ಲಿ ಯಾಕೆ ಗೊತ್ತಾಗಲಿಲ್ಲ ಅಂದರೆ ಅಲ್ಲಿ ಎಂಜಿನ್ನಿಗೆ ಬೇಕಾದದ್ದೇ ಕಮ್ಮಿ. ಸೇರಿದ ಗಾಳಿ ಓವರ್‌ಫ್ಲೋ ವಾಲ್ವಿನಿಂದ ವಾಪಸ್ ಟ್ಯಾಂಕಿಗೆ ಹೋಗಿಬಿಡುತ್ತದೆ. ಏರಿನಲ್ಲಿ ಪೂರ್ತಿ ಊಟ ಬೇಕು. ಆಗ ಅರ್ಧ ತಟ್ಟೆ ಗಾಳಿ ಬಡಿಸಿದರೆ ನಡೆಯುವುದಿಲ್ಲ.

ಸರಿಪಡಿಸಿದ್ದು ಹೀಗೆ. ಹಳೇ ಪೈಪಿಗೆ ಬೆಸುಗೆ ಹಾಕಲು ಹೋಗಲಿಲ್ಲ, ಒಂದು ಕಡೆ ತುಕ್ಕು ತಿಂದ ಪೈಪು ಇನ್ನೊಂದು ಕಡೆಯೂ ತಿಂದಿರುತ್ತದೆ. ಅದೇ ಅಳತೆಯ ಹೊಸ ಪೈಪು ಕತ್ತರಿಸಿದೆವು. ತುದಿಯನ್ನು ಓರೆಯಾಗಿ ಕತ್ತರಿಸಿ, ತಳದಿಂದ ಒಂದು ಇಂಚು ಮೇಲಿರುವ ಹಾಗೆ ಇಟ್ಟೆವು. ತಳಕ್ಕೆ ತಾಗಿಸಿದರೆ ಕೊಳೆ, ನೀರು ಎಲ್ಲ ಎಳೆಯುತ್ತದೆ. ಟ್ಯಾಂಕಿನ ಮೇಲೆ ಬೆಂಕಿ ಹಚ್ಚುವ ಯಾವ ಕೆಲಸವನ್ನೂ ಮನೆಯಲ್ಲಿ ಮಾಡಬೇಡಿ. ಡೀಸೆಲ್ ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಆಮೇಲೆ ಏರ್ ಬಿಡಿಸುವುದು: ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ, ಅದೇ ಥರ ದೊಡ್ಡ ಪಂಪಿನಲ್ಲೂ. ಬೇಗ ಸ್ಟಾರ್ಟ್ ಆಗಲಿ ಅಂತ ಈಥರ್ ಸ್ಪ್ರೇ ಹೊಡೆಯಬೇಡಿ. ನಾಜಲ್ ಪೈಪು ಸಡಿಲಿಸಿ ಕ್ರ್ಯಾಂಕ್ ಮಾಡುವಾಗ ಅದರ ಮುಂದೆ ಬೆರಳು ಹಿಡಿಯಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ.

ಹೊಸ ಪೈಪಿಗೆ ಖರ್ಚಾದದ್ದು ನಾಜಲ್ ಒಂದರ ಬೆಲೆಯ ಚೂರು ಭಾಗ. ಟ್ಯಾಂಕ್ ಕಾಲು ಭಾಗಕ್ಕೆ ಇಳಿಸಿಯೇ, 18 ಟನ್ ಕಟ್ಟಿಕೊಂಡು, ಗುಡ್ಡದ ಆಚೆಯಿಂದ ಈಚೆಗೆ ಬಂದೆವು. 31ರಲ್ಲಿ ಹತ್ತಿತು.

ಒಂದು ಪ್ರಶ್ನೆ ಉಳಿದಿತ್ತು. ಟ್ಯಾಂಕು ಅರ್ಧವಾದಾಗ ಮಾತ್ರ ಹೀಗಾಗುತ್ತದೆ ಅಂತ ಇಷ್ಟು ದಿನ ಇವರಿಗೆ ಯಾಕೆ ಹೊಳೆಯಲಿಲ್ಲ? ಕೇಳಿಯೂ ಬಿಟ್ಟೆ. ಯಜಮಾನರು ಡ್ಯಾಶ್‌ಬೋರ್ಡಿನ ಕಡೆ ಕೈ ತೋರಿಸಿದರು. ಡೀಸೆಲ್ ಗೇಜಿನ ಮುಳ್ಳು ‘ಫುಲ್’ ಅಂತ ತೋರಿಸುತ್ತಾ ಅಲ್ಲೇ ಅಂಟಿಕೊಂಡಿತ್ತು. 1987ರಿಂದ ಹಾಗೇ ಇದೆಯಂತೆ. ಈಗ ಸೀಟಿನ ಹಿಂದೆ ಒಂದು ಮರದ ಕೋಲು ಇಟ್ಟಿದ್ದಾರೆ. ಹೊರಡುವ ಮೊದಲು ಟ್ಯಾಂಕಿಗೆ ಅದ್ದಿ ನೋಡುತ್ತಾರೆ.